ದರ್ಗಾದ ಹೊಸ್ತಿಲಲ್ಲೇ ಮನೋವೈದ್ಯರೂ ಕೂರಲಿ

ತಮಿಳುನಾಡಿನ ಗಡಿಭಾಗದ ತಾಳವಾಡಿಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಬಂದರೆ ಮನೆಯವರ ಮುಂದೆ ಮೂರು ದಾರಿಗಳಿರುತ್ತವೆ. ಒಂದು, ಕಾಡು ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲ ಹಾದು ಜಿಲ್ಲಾ ಕೇಂದ್ರ ಈರೋಡಿಗೆ ಹೋಗುವುದು. ಅದು ನೂರು ಕಿಲೋಮೀಟರಿಗೂ ಮೀರಿದ ದಾರಿ. 2022ರಿಂದ ಆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ತುರ್ತು ವಾಹನಗಳಿಗೆ ವಿನಾಯಿತಿ ಇದೆಯಾದರೂ, ಮನಸ್ಸು ಕೆಟ್ಟವರನ್ನು ಆಂಬುಲೆನ್ಸ್‌ನಲ್ಲಿ ಕರೆದೊಯ್ಯಬೇಕೆಂದು ಎಷ್ಟು ಜನಕ್ಕೆ ಹೊಳೆಯುತ್ತದೆ? ಎರಡನೆಯದು, ಗಡಿ ದಾಟಿ ಚಾಮರಾಜನಗರಕ್ಕೆ ಹೋಗುವುದು. ಮೂವತ್ತು ಕಿಲೋಮೀಟರಿನೊಳಗಿನ ಮಾತು, ಆದರೆ ರಾಜ್ಯ ಬೇರೆ, ಕಾರ್ಡು ಬೇರೆ, ಯೋಜನೆ ಬೇರೆ. ಮೂರನೆಯ ದಾರಿ ಎಲ್ಲಕ್ಕಿಂತ ಹತ್ತಿರದ್ದು: ಗುಡಿ, ದರ್ಗಾ, ಮಂತ್ರ ಹಾಕುವವರ ಮನೆ.

ಬಹುತೇಕರು ಮೊದಲು ಹಿಡಿಯುವುದು ಈ ಮೂರನೆಯ ದಾರಿಯನ್ನೇ. ಅದಕ್ಕಾಗಿ ಅವರನ್ನು ಮೂಢರೆಂದು ಬೈಯುವುದು ಸುಲಭ, ಮತ್ತು ಅನ್ಯಾಯ.

ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವ ಈ ಬೆಟ್ಟದ ಮೇಲಿನ ಬಯಲು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದರಾಸಿನ ಕಡೆಯೇ ಉಳಿಯಿತು. ಪಕ್ಕದ ಕೊಳ್ಳೇಗಾಲ ಮೈಸೂರಿಗೆ ಬಂತು. ತಾಳವಾಡಿ ತಾಲ್ಲೂಕಾದದ್ದು 2016ರಲ್ಲಿ. ಇಲ್ಲಿನ ಹೊಲದ ಮಾತು, ಸಂತೆಯ ಮಾತು, ಜಗಳದ ಮಾತು, ಅಳುವ ಮಾತು ಎಲ್ಲವೂ ಕನ್ನಡ. ಕಚೇರಿಯ ಕಾಗದ ತಮಿಳು. ಮುಸ್ಲಿಂ ಮನೆಯಾದರೆ ಒಲೆಯ ಮುಂದೆ ದಖ್ಖನಿಯೂ ಸೇರಿಕೊಳ್ಳುತ್ತದೆ. ಕಾಲು ಮುರಿದವರು ಬಾಯಿ ಬಿಡದೆಯೂ ಚಿಕಿತ್ಸೆ ಪಡೆಯಬಹುದು. ಎಕ್ಸ್‌ರೇಗೆ ಭಾಷೆ ಬೇಕಿಲ್ಲ. ಆದರೆ ಮೂರು ತಿಂಗಳಿಂದ ನಿದ್ದೆ ಬಾರದ, ಯಾರೋ ತನ್ನ ಹೆಸರು ಹಿಡಿದು ಬೈಯುತ್ತಿರುವುದು ಕೇಳಿಸುವ, ಮಗು ಹುಟ್ಟಿದ ಮೇಲೆ ಅದರ ಮುಖ ನೋಡಲೂ ಮನಸ್ಸಾಗದ ಹೆಂಗಸು ವೈದ್ಯರಿಗೆ ಕೊಡಬಹುದಾದದ್ದು ಮಾತು ಒಂದನ್ನೇ. ಆ ಮಾತು ಅರ್ಥವಾಗುವ ಕಡೆಗೆ ಆಕೆಯನ್ನು ಕರೆದೊಯ್ಯುತ್ತಾರೆ. ತಾಯತ ಕಟ್ಟುವವರಿಗೆ ಆ ಮಾತು ಅರ್ಥವಾಗುತ್ತದೆ.

ಆಮೇಲೆ ನಡೆಯುವುದು ಈ ಸೀಮೆಯಲ್ಲೆಲ್ಲ ಹೆಚ್ಚು ಕಡಿಮೆ ಒಂದೇ ಬಗೆ. ‘ಗಾಳಿ ಸೋಕಿದೆ’, ‘ನಜರ್ ಆಗಿದೆ’, ‘ಸಾಯಾ ಬಿದ್ದಿದೆ’ ಎಂದು ರೋಗಕ್ಕೆ ಹೆಸರಿಡುತ್ತಾರೆ. ಪಿಂಗಾಣಿ ತಟ್ಟೆಯ ಮೇಲೆ ಕೇಸರಿ ಕದಡಿದ ನೀರಿನಲ್ಲಿ ಕುರಾನಿನ ವಾಕ್ಯ ಬರೆದು, ಒಣಗಿದ ಮೇಲೆ ಅದನ್ನು ನೀರಲ್ಲಿ ತೊಳೆದು, ಆ ನೀರನ್ನು ಕುಡಿಸುತ್ತಾರೆ. ಸಣ್ಣದಾಗಿ ಮಡಿಸಿದ ಕಾಗದವನ್ನು ತಾಮ್ರದ ಕೊಳವೆಯಲ್ಲಿಟ್ಟು, ಬಾಯಿಗೆ ಅರಗು ಮೆತ್ತಿ, ಕಪ್ಪು ದಾರದಲ್ಲಿ ತೋಳಿಗೆ ಕಟ್ಟುತ್ತಾರೆ. ಬಂದವರು ಹಿಂದೂಗಳೋ ಮುಸ್ಲಿಮರೋ ಎಂದು ಅಲ್ಲಿ ಕೇಳುವುದಿಲ್ಲ. ಮಲೆ ಮಹದೇಶ್ವರನಿಗೆ ಮುಡಿ ಕೊಟ್ಟು ಬಂದವರೇ ದರ್ಗಾದ ಧೂಪದ ಹೊಗೆಗೂ ತಲೆ ಬಾಗಿಸುತ್ತಾರೆ. ಕೆಲವರಿಗೆ ಇದರಿಂದ ನಿಜಕ್ಕೂ ಸಮಾಧಾನ ಸಿಗುತ್ತದೆ. ಇನ್ನು ಕೆಲವರಿಗೆ ವರ್ಷಗಟ್ಟಲೆ ಸಿಗುವುದಿಲ್ಲ. ಆ ವರ್ಷಗಳೇ ಮುಖ್ಯ. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಚಿಕಿತ್ಸೆ ತಡವಾದಷ್ಟೂ ಗುಣವಾಗುವ ದಾರಿ ಕಡಿದಾಗುತ್ತ ಹೋಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎರಡೂ ಕಡೆ ಬೇರು ಬಿಟ್ಟಿದೆ. ಮನೋವೈದ್ಯರ ಬಳಿ ಹೋಗುವುದು ನಂಬಿಕೆ ಕಡಿಮೆಯಾದವರ ಕೆಲಸ ಎಂದು ಧರ್ಮನಿಷ್ಠ ಮನೆಗಳು ತಿಳಿದಿವೆ. ದರ್ಗಾ ಎಂದರೆ ಕತ್ತಲು, ಆಸ್ಪತ್ರೆ ಎಂದರೆ ಬೆಳಕು ಎಂದು ಓದಿದವರು ತಿಳಿದಿದ್ದಾರೆ. ಇಸ್ಲಾಮಿನ ತತ್ವಶಾಸ್ತ್ರದ ಇತಿಹಾಸ ತೆರೆದರೆ ಎರಡೂ ಮಾತು ನಿಲ್ಲುವುದಿಲ್ಲ. ಆತ್ಮಕ್ಕೂ ಕಾಯಿಲೆ ಬರುತ್ತದೆ, ಆ ಕಾಯಿಲೆಗೆ ಮದ್ದೂ ಇದೆ, ಅದನ್ನು ಬಲ್ಲವರ ಹತ್ತಿರ ಹೋಗಬೇಕು ಎಂದು ಸಾವಿರ ವರ್ಷಗಳ ಹಿಂದೆಯೇ ಸ್ಪಷ್ಟವಾಗಿ ಬರೆದಿಟ್ಟವರು ಮುಸ್ಲಿಂ ಚಿಂತಕರು. ಆ ಪರಂಪರೆಯನ್ನು ಶುಕ್ರವಾರದ ಪ್ರವಚನಕ್ಕೆ ತರಬೇಕು, ಆಸ್ಪತ್ರೆಯನ್ನು ದರ್ಗಾದ ಅಂಗಳಕ್ಕೆ ತರಬೇಕು. ಈ ಬೆಟ್ಟಗಳಿಗೆ ಎರಡೂ ಬೇಕು.

ಮೊದಲು ಗಝಾಲಿಯ ಕಥೆ ಕೇಳಬೇಕು, ಏಕೆಂದರೆ ಅವರ ಹೆಸರನ್ನು ಗೌರವಿಸದ ಮದರಸಾ ಇಲ್ಲ. ಅಬೂ ಹಾಮಿದ್ ಅಲ್-ಗಝಾಲಿ 1095ರಲ್ಲಿ ಬಾಗ್ದಾದಿನ ನಿಝಾಮಿಯ್ಯಾ ವಿದ್ಯಾಲಯದಲ್ಲಿ ಪ್ರಧಾನ ಗುರು. ಮುನ್ನೂರು ಶಿಷ್ಯರು ಮುಂದೆ ಕೂರುತ್ತಿದ್ದರು. ಆ ವರ್ಷದ ಬೇಸಿಗೆಯಲ್ಲಿ ಅವರ ನಾಲಿಗೆ ಕಟ್ಟಿತು. ಪಾಠ ಹೇಳಲು ಬಾಯಿ ತೆರೆದರೆ ಮಾತು ಹೊರಡದು. ಊಟ ಸೇರದು, ನೀರು ಸಹ ಇಳಿಯದು, ದೇಹ ಸೊರಗಿತು. ಖಲೀಫನ ನಗರದ ವೈದ್ಯರು ಬಂದು ನೋಡಿದರು. ಇದು ಹೃದಯದೊಳಗಿಂದ ಎದ್ದು ದೇಹಕ್ಕೆ ಹರಡಿದ ಬಾಧೆ, ಒಳಗಿನ ದುಗುಡ ತಣಿಯದೆ ಔಷಧಿ ಕೆಲಸ ಮಾಡದು ಎಂದು ಹೇಳಿ ಕೈಚೆಲ್ಲಿದರು. ಇದನ್ನೆಲ್ಲ ಬರೆದವರು ಬೇರೆ ಯಾರೂ ಅಲ್ಲ, ಸ್ವತಃ ಗಝಾಲಿ. ‘ಅಲ್-ಮುನ್ಕಿಝ್ ಮಿನ್ ಅದ್ದಲಾಲ್’ ಎಂಬ ತಮ್ಮ ಆತ್ಮಕಥನದಲ್ಲಿ, ಮುಚ್ಚುಮರೆಯಿಲ್ಲದೆ. ಆರು ತಿಂಗಳ ತೊಳಲಾಟದ ನಂತರ ಅವರು ಹುದ್ದೆ, ಹಣ, ಕೀರ್ತಿ ಬಿಟ್ಟು ಡಮಾಸ್ಕಸ್ ಕಡೆಗೆ ಹೊರಟರು. ಆಮೇಲೆ ಬಂದದ್ದು ‘ಇಹ್ಯಾ ಉಲೂಮುದ್ದೀನ್’, ಮುಸ್ಲಿಂ ಜಗತ್ತಿನಲ್ಲಿ ಅತಿ ಹೆಚ್ಚು ಓದಿಸಿಕೊಂಡ ಗ್ರಂಥಗಳಲ್ಲಿ ಒಂದು.

ಇವತ್ತಿನ ಮನೋವೈದ್ಯರು ಆ ಬಾಧೆಗೆ ಯಾವ ಹೆಸರು ಕೊಡುತ್ತಿದ್ದರು ಎಂಬ ಊಹೆ ಬೇಡ. ಇಷ್ಟು ಸಾಕು: ಇಸ್ಲಾಮಿನ ಅತಿ ದೊಡ್ಡ ಧರ್ಮಶಾಸ್ತ್ರಜ್ಞರಲ್ಲೊಬ್ಬರ ಮನಸ್ಸು ಮುರಿದಿತ್ತು. ಅವರು ಅದನ್ನು ದೆವ್ವದ ಕಾಟವೆನ್ನಲಿಲ್ಲ, ನಂಬಿಕೆಯ ಕೊರತೆಯೆಂದು ನಾಚಿ ಬಚ್ಚಿಡಲಿಲ್ಲ, ವೈದ್ಯರು ಬಂದಾಗ ಬಾಗಿಲು ಹಾಕಿಕೊಳ್ಳಲಿಲ್ಲ. ಖಿನ್ನತೆಯ ಗುಳಿಗೆ ತಿನ್ನುವುದನ್ನು ನೆರೆಮನೆಗೆ ಗೊತ್ತಾಗದಂತೆ ಅಡಗಿಸುವ ಗೃಹಿಣಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು.

ಗಝಾಲಿಗಿಂತ ಇನ್ನೂರು ವರ್ಷ ಮೊದಲೇ ಈ ವಿಷಯವನ್ನು ಶಾಸ್ತ್ರವಾಗಿ ಕಟ್ಟಿದವರು ಅಬೂ ಝೈದ್ ಅಲ್-ಬಲ್ಖಿ. ಇವರ ಹೆಸರು ಕೇಳಿದವರು ಕಡಿಮೆ. ಈಗಿನ ಅಫ್ಘಾನಿಸ್ತಾನದ ಬಲ್ಖ್ ಸೀಮೆಯವರು, ಬಾಗ್ದಾದಿನಲ್ಲಿ ದಾರ್ಶನಿಕ ಅಲ್-ಕಿಂದಿಯ ಬಳಿ ಓದಿದವರು, ಭೂಪಟ ರಚನೆಯಲ್ಲಿ ಒಂದು ಪಂಥವನ್ನೇ ಹುಟ್ಟುಹಾಕಿದವರು, 934ರಲ್ಲಿ ತೀರಿಕೊಂಡವರು. ‘ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್’ ಎಂಬ ಅವರ ಪುಸ್ತಕದ ಮೊದಲ ಭಾಗ ದೇಹದ ಆರೋಗ್ಯಕ್ಕೆ, ಎರಡನೆಯ ಭಾಗ ಆತ್ಮದ ಆರೋಗ್ಯಕ್ಕೆ ಮೀಸಲು. ಎರಡನೆಯದರಲ್ಲಿ ಎಂಟೇ ಅಧ್ಯಾಯ. ಅದರ ಮೊದಲಲ್ಲೇ ಅವರ ದೂರು: ವೈದ್ಯರು ದೇಹವನ್ನಷ್ಟೇ ನೋಡುತ್ತಾರೆ, ಆತ್ಮದ ಕಡೆ ತಿರುಗಿಯೂ ನೋಡುವುದಿಲ್ಲ, ಆದರೆ ದೇಹದ ಕಾಯಿಲೆಯಿಲ್ಲದೆ ಬದುಕು ಕಳೆದವರು ಸಿಕ್ಕಾರು, ಕೋಪ, ದುಃಖ, ಭಯ ತಟ್ಟದ ಮನುಷ್ಯ ಸಿಗಲಾರ. ಆತ್ಮದ ನೋವು ದೇಹವನ್ನು ಕೆಡಿಸುತ್ತದೆ, ದೇಹದ ನೋವು ಆತ್ಮವನ್ನು ಕೆಡಿಸುತ್ತದೆ ಎಂಬುದು ಅವರ ವಾದದ ಬುನಾದಿ.

ದುಃಖದ ಬಗ್ಗೆ ಬಲ್ಖಿ ಬರೆದದ್ದು ಇಂದಿಗೂ ಬೆರಗು ಹುಟ್ಟಿಸುತ್ತದೆ. ದುಃಖ ಎರಡು ಬಗೆ ಎನ್ನುತ್ತಾರೆ. ಒಂದಕ್ಕೆ ಕಾರಣ ಗೊತ್ತಿರುತ್ತದೆ: ಮಗ ಸತ್ತಿದ್ದಾನೆ, ವ್ಯಾಪಾರ ಮುಳುಗಿದೆ. ಇನ್ನೊಂದಕ್ಕೆ ಕಾರಣವೇ ಕಾಣುವುದಿಲ್ಲ. ಎಲ್ಲ ಇದ್ದೂ ಎದೆ ಭಾರ, ಯಾವುದರಲ್ಲೂ ರುಚಿಯಿಲ್ಲ. ಈ ಎರಡನೆಯದರ ಮೂಲ ದೇಹದಲ್ಲಿದೆ, ರಕ್ತದ ದೋಷದಲ್ಲಿದೆ, ಆದ್ದರಿಂದ ಅದಕ್ಕೆ ದೇಹದ ಚಿಕಿತ್ಸೆಯೂ ಬೇಕು ಎಂಬುದು ಅವರ ನಿಲುವು. ರಕ್ತದ ದೋಷ ಎಂಬ ವಿವರಣೆ ಈಗ ನಿಲ್ಲುವುದಿಲ್ಲ. ಆದರೆ ಕಾರಣವಿಲ್ಲದ ದುಃಖವನ್ನು ದುಃಖಿಯ ಸೋಮಾರಿತನವೆಂದೋ ಶೈತಾನನ ಕೆಲಸವೆಂದೋ ಹೇಳದೆ ವೈದ್ಯರ ಕಡೆಗೆ ಕಳಿಸಿದ ಆ ಒಂದು ಹೆಜ್ಜೆ ದೊಡ್ಡದು. ‘ಏನು ಕಡಿಮೆಯಾಗಿದೆ ನಿನಗೆ, ಹೀಗೆ ಮೂಲೆ ಹಿಡಿದು ಕೂತಿದ್ದೀಯ’ ಎಂದು ಈಗಲೂ ಮನೆಮನೆಯಲ್ಲಿ ಗದರುವವರಿದ್ದಾರೆ.

ವಸ್ವಾಸ್ ಎಂಬುದು ದಖ್ಖನಿ ಮಾತಾಡುವ ಮನೆಗಳಲ್ಲಿ ದಿನಬಳಕೆಯ ಮಾತು. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವುಝೂ ಸರಿಯಾಯಿತೋ ಇಲ್ಲವೋ ಎಂದು ಮತ್ತೆ ಮತ್ತೆ ತೊಳೆಯುವುದು, ತೊಟ್ಟಿಯ ಮುಂದೆ ಅರ್ಧ ಗಂಟೆ ಕೂತು ಚರ್ಮ ಬಿರಿಯುವ ತನಕ ಉಜ್ಜುವುದು, ಒಮ್ಮೆ ಹೇಳಿದ ಪ್ರಾರ್ಥನೆಯನ್ನು ತಪ್ಪಾಯಿತೆಂದು ಹತ್ತು ಸಲ ಹೇಳುವುದು. ಮನೆಯವರು ಇದನ್ನು ಅತಿ ಭಕ್ತಿ ಎಂದು ಮೆಚ್ಚುವುದೂ ಉಂಟು. ಬಲ್ಖಿ ತಮ್ಮ ಎಂಟನೆಯ ಅಧ್ಯಾಯವನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದಾರೆ. ಬೇಡವೆಂದರೂ ನುಗ್ಗುವ, ಬೇರೆ ಕೆಲಸಕ್ಕೆ ಬಿಡದ, ಭಯ ಹುಟ್ಟಿಸುವ ಯೋಚನೆ ಎಂದು ಅದನ್ನು ಬಣ್ಣಿಸಿ, ಒಂಟಿಯಾಗಿರಬೇಡಿ, ಜನರ ನಡುವೆ ಇರಿ, ಕೆಲಸದಲ್ಲಿ ತೊಡಗಿ, ಆ ಯೋಚನೆಗೆ ಎದುರಾಗಿ ಬೇರೆ ಯೋಚನೆಯನ್ನು ನಿಲ್ಲಿಸಿ ಎಂದು ಸಲಹೆ ಕೊಡುತ್ತಾರೆ. ಮುಂದೆ ಧರ್ಮಶಾಸ್ತ್ರಿ ಇಬ್ನ್ ಕುದಾಮಾ ವಸ್ವಾಸ್ ಪೀಡಿತರಿಗೆಂದೇ ಒಂದು ಕಿರುಗ್ರಂಥ ಬರೆದು, ನೀರಿನ ಈ ಅತಿರೇಕ ಧರ್ಮವಲ್ಲ ಎಂದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯೆ ರಾನಿಯಾ ಅವಾದ್ ಮತ್ತು ಅವರ ಸಹಲೇಖಕರು 2015ರಲ್ಲಿ ಬಲ್ಖಿಯ ವಿವರಣೆಯನ್ನು ಇಂದು ಒಸಿಡಿ ಎನ್ನುವ ಗೀಳು ಕಾಯಿಲೆಯ ಲಕ್ಷಣಗಳ ಪಕ್ಕದಲ್ಲಿಟ್ಟು ನೋಡಿದಾಗ ಎರಡೂ ಬಹಳ ಮಟ್ಟಿಗೆ ಹೊಂದಿದವು. ಸುಡಾನಿನ ಮನಶ್ಶಾಸ್ತ್ರಜ್ಞ ಮಲಿಕ್ ಬದ್ರಿ ಈ ಭಾಗವನ್ನು 2013ರಲ್ಲಿ ಇಂಗ್ಲಿಷಿಗೆ ತಂದ ಮೇಲೆಯೇ ಇಂಥ ಅಧ್ಯಯನಗಳಿಗೆ ಚಾಲನೆ ಸಿಕ್ಕಿದ್ದು.

ಭಯದ ಅಧ್ಯಾಯದಲ್ಲಿ ಬಲ್ಖಿ ಕೊಡುವ ದೃಷ್ಟಾಂತವೊಂದು ದಿಂಬಂ ಘಾಟಿಯವರಿಗೆ ಕೂಡಲೇ ಅರ್ಥವಾದೀತು. ಮರುಭೂಮಿಯ ಬದೂಯಿ ಮೊದಲ ಸಲ ತಂಪು ಸೀಮೆಗೆ ಬಂದು ದಟ್ಟ ಮಂಜು ನೋಡುತ್ತಾನೆ. ಮುಂದೆ ಗೋಡೆಯೇ ಎದ್ದು ನಿಂತಿದೆ, ದಾಟಲಾಗದು ಎಂದುಕೊಳ್ಳುತ್ತಾನೆ. ಧೈರ್ಯ ಮಾಡಿ ಒಳಹೊಕ್ಕರೆ ಅದು ತೇವದ ಗಾಳಿಯಷ್ಟೇ. ಹೆದರಿಸುವ ವಸ್ತುವಿನ ಹತ್ತಿರಕ್ಕೆ ಸ್ವಲ್ಪ ಸ್ವಲ್ಪವಾಗಿ ಹೋಗಿಸಿ ಹೆದರಿಕೆ ಬಿಡಿಸುವ ಇಂದಿನ ಚಿಕಿತ್ಸಾಕ್ರಮದ ಬೀಜ ಇದರಲ್ಲಿದೆ.

ಆದರೆ ತಾಳವಾಡಿಯ ಎಲ್ಲ ಭಯವೂ ಮಂಜಲ್ಲ. ಸತ್ಯಮಂಗಲ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರ ಅಂಚಿನಲ್ಲೇ ಬಾಳೆ, ಕಬ್ಬು, ಕೋಸು, ಅರಿಸಿನ ಬೆಳೆಯುವ ಹೊಲಗಳಿವೆ. ಕರುಪ್ಪನ್ ಎಂದು ಜನ ಹೆಸರಿಟ್ಟಿದ್ದ ಒಂಟಿ ಸಲಗ ರೈತರ ಜೀವ ತೆಗೆದು, ತಿಂಗಳುಗಟ್ಟಲೆ ಊರೂರನ್ನು ನಡುಗಿಸಿ, 2023ರ ಏಪ್ರಿಲ್‌ನಲ್ಲಿ ಅರಣ್ಯ ಇಲಾಖೆಯ ಕೈಗೆ ಸಿಕ್ಕಿತು. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಬೆಳೆ ಕಾಯುವವರು, ನಾಯಿ ಬೊಗಳಿದರೆ ಟಾರ್ಚ್ ಹಿಡಿದು ಎದ್ದು ನಿಲ್ಲುವವರು, ಬೆಳಗಾದರೆ ಮತ್ತೆ ಹೊಲದಲ್ಲಿ ಬಾಗುವವರು ನಿದ್ದೆ ಕೆಟ್ಟು, ಸಿಡುಕಿ, ಕುಡಿತಕ್ಕೆ ಬಿದ್ದು ನಲುಗುವುದನ್ನು ಗುಳಿಗೆಯೊಂದರಿಂದ ಸರಿಪಡಿಸಲಾಗದು. ಅವರಿಗೆ ಬೇಲಿ ಬೇಕು, ಬೆಳೆ ಹಾನಿಗೆ ಸಕಾಲದ ಪರಿಹಾರ ಬೇಕು. ಕಾರಣ ಗೊತ್ತಿರುವ ದುಃಖವನ್ನು ಬಲ್ಖಿ ಬೇರೆಯಾಗಿ ಇಟ್ಟದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊರಗೆ ಕಾರಣವಿರುವ ಸಂಕಟವನ್ನೆಲ್ಲ ಮನೋರೋಗ ಎಂದು ಬರೆದುಕೊಳ್ಳುವುದೂ ತಪ್ಪೇ.

ಬಲ್ಖಿ ಒಬ್ಬಂಟಿಯಲ್ಲ. ಅವರ ಸಮಕಾಲೀನ ಅಬೂ ಬಕರ್ ಅಲ್-ರಾಝಿ ರಯ್ ಮತ್ತು ಬಾಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದವರು. ‘ಅತ್-ತಿಬ್ಬುರ್ ರೂಹಾನಿ’ ಎಂಬ ಇಪ್ಪತ್ತು ಅಧ್ಯಾಯಗಳ ಪುಸ್ತಕದಲ್ಲಿ ಅವರು ಹೊಟ್ಟೆಕಿಚ್ಚು, ಕೋಪ, ಕುಡಿತ, ಸಾವಿನ ಭಯಗಳನ್ನು ವೈದ್ಯರ ಕಣ್ಣಿನಿಂದ ನೋಡಿದರು. ಇಬ್ನ್ ಸೀನಾ (980–1037) ಆತ್ಮದ ಶಕ್ತಿಗಳನ್ನು ವಿಂಗಡಿಸಿ, ಕಲ್ಪನೆ, ನೆನಪು, ಭಯದ ಅಂದಾಜು ಇವೆಲ್ಲ ಮೆದುಳಿನ ಯಾವ ಭಾಗದಲ್ಲಿ ನಡೆಯುತ್ತವೆ ಎಂದು ಹೇಳಲು ಯತ್ನಿಸಿದರು. ಅವರ ಬಗ್ಗೆ ಹನ್ನೆರಡನೆಯ ಶತಮಾನದ ನಿಝಾಮಿ ಅರೂಝಿ ಹೇಳುವ ಕಥೆಯೊಂದಿದೆ. ಒಬ್ಬ ರಾಜಕುಮಾರನಿಗೆ ತಾನು ಹಸು ಎಂಬ ಭ್ರಮೆ ಹಿಡಿಯಿತು. ಅಂಬಾ ಎಂದು ಕೂಗುತ್ತಾನೆ, ನನ್ನನ್ನು ಕಡಿದು ಅಡುಗೆ ಮಾಡಿ ಎನ್ನುತ್ತಾನೆ, ಊಟ ಮುಟ್ಟುವುದಿಲ್ಲ. ಇಬ್ನ್ ಸೀನಾ ಕಟುಕನ ವೇಷದಲ್ಲಿ ಚೂರಿ ಹಿಡಿದು ಬಂದು, ಕೈಕಾಲು ಕಟ್ಟಿಸಿ ಮಲಗಿಸಿ, ಪಕ್ಕೆ ಮುಟ್ಟಿ ನೋಡಿ, ‘ಈ ಹಸು ತೀರಾ ಬಡಕಲು, ಮೇಯಿಸಿ ಕೊಬ್ಬಿಸಿ, ಆಮೇಲೆ ಬರುತ್ತೇನೆ’ ಎಂದು ಎದ್ದು ಹೋದರು. ಕಡಿಸಿಕೊಳ್ಳುವ ಆಸೆಗೆ ರಾಜಕುಮಾರ ಊಟ ಮಾಡಿದ, ಊಟದ ಜೊತೆ ಔಷಧಿಯೂ ಹೊಟ್ಟೆಗೆ ಹೋಯಿತು, ತಿಂಗಳೊಪ್ಪತ್ತಿನಲ್ಲಿ ಗುಣವಾಯಿತು. ಕಥೆ ಎಷ್ಟು ನಿಜವೋ ಬಿಡಿ. ರೋಗಿಯ ಲೋಕದೊಳಕ್ಕೆ ಹೋಗಿ ಅಲ್ಲಿಂದ ಅವನನ್ನು ಕೈಹಿಡಿದು ತರುವವನು ಒಳ್ಳೆಯ ವೈದ್ಯ ಎಂಬ ಕಲ್ಪನೆ ಆ ಸಮಾಜದಲ್ಲಿ ಗಟ್ಟಿಯಾಗಿತ್ತೆಂದು ಕಥೆಯೇ ಸಾಕ್ಷಿ ಹೇಳುತ್ತದೆ.

ಈ ಚಿಂತಕರೆಲ್ಲ ಒಬ್ಬರನ್ನೊಬ್ಬರು ಒಪ್ಪಿದವರಲ್ಲ. ಇಬ್ನ್ ಸೀನಾ ಅವರ ಮೂರು ಸಿದ್ಧಾಂತಗಳನ್ನು ಗಝಾಲಿ ನೇರವಾಗಿ ಧರ್ಮಬಾಹಿರ ಎಂದು ಕರೆದರು. ರಾಝಿಯ ಧಾರ್ಮಿಕ ನಿಲುವುಗಳ ಮೇಲೆ ಅವರ ಕಾಲದಲ್ಲೇ ಕಟುವಾದ ವಾದಗಳೆದ್ದವು. ಹಾಗಿದ್ದೂ ಆತ್ಮದ ಬೇನೆಗೆ ಚಿಕಿತ್ಸೆಯುಂಟು ಎಂಬ ಮಾತಿನಲ್ಲಿ ಭಿನ್ನಮತವಿರಲಿಲ್ಲ. ಆ ನಂಬಿಕೆಗೆ ಕಟ್ಟಡಗಳೂ ಎದ್ದವು. ಡಮಾಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನ್, ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಬೀಮಾರಿಸ್ತಾನ್ ಎಂಬ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೂ ಜಾಗವಿತ್ತು. 1488ರಲ್ಲಿ ಎದ್ದ ತುರ್ಕಿಯ ಎದಿರ್ನೆ ನಗರದ ಆಸ್ಪತ್ರೆಯಲ್ಲಿ ರೋಗಿಗಳಿಗೆ ಸಂಗೀತ ಕೇಳಿಸುತ್ತಿದ್ದುದನ್ನು ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿದ್ದಾರೆ.

ಆ ಪರಂಪರೆ ದೂರದ ಅರಬ್ ಸೀಮೆಯಲ್ಲೇ ಉಳಿಯಲಿಲ್ಲ, ಕನ್ನಡ ನೆಲಕ್ಕೂ ಬಂತು. ಬಹಮನಿ ದೊರೆ ಎರಡನೆಯ ಅಲಾಉದ್ದೀನ್ ಅಹ್ಮದ್ ಹದಿನೈದನೆಯ ಶತಮಾನದಲ್ಲಿ ಬೀದರ್‌ನಲ್ಲಿ ಆಸ್ಪತ್ರೆ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳ ಉತ್ಪನ್ನ ಬಿಟ್ಟು, ಹಿಂದೂ ಮತ್ತು ಮುಸ್ಲಿಂ ವೈದ್ಯರನ್ನು ಒಟ್ಟಿಗೆ ನೇಮಿಸಿದ ಎಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದ ಫಿರಿಶ್ತಾ ಸ್ವತಃ ವೈದ್ಯಗ್ರಂಥ ಬರೆದವನು, ಅದರಲ್ಲಿ ಆಯುರ್ವೇದವನ್ನು ತುಂಬಿಕೊಂಡವನು. ಆರೋಗ್ಯಕ್ಕೆ ಬೇಕೇಬೇಕಾದ ಆರು ಸಂಗತಿಗಳಲ್ಲಿ ಗಾಳಿ, ಆಹಾರ, ನಿದ್ದೆಗಳ ಜೊತೆ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯನ್ನೂ ಯುನಾನಿ ವೈದ್ಯಪದ್ಧತಿ ಎಣಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ಸಂಸ್ಥೆಯಲ್ಲಿ ಅದನ್ನು ಇವತ್ತಿಗೂ ಕಲಿಸುತ್ತಾರೆ.

ಹೆಮ್ಮೆ ಪಡುವವರು ಇಲ್ಲಿ ಎಚ್ಚರ ತಪ್ಪಬಾರದು. ಬಲ್ಖಿಯನ್ನು ಓದಿದರೆ ಸ್ಕಿಜೋಫ್ರೇನಿಯಾ ವಾಸಿಯಾಗುವುದಿಲ್ಲ. ದೇಹದ ನಾಲ್ಕು ರಸಗಳ ಏರುಪೇರಿನಿಂದ ರೋಗ ಬರುತ್ತದೆ ಎಂಬ ಆ ಕಾಲದ ಸಿದ್ಧಾಂತ ತಪ್ಪಾಗಿತ್ತು. ಇಲ್ಲದ ಧ್ವನಿ ಕೇಳಿಸುವ ರೋಗಿಗೆ ಮೊದಲ ಬಾರಿಗೆ ಪರಿಣಾಮಕಾರಿ ಔಷಧಿ ಸಿಕ್ಕಿದ್ದು 1952ರಲ್ಲಿ, ಕ್ಲೋರ್‌ಪ್ರೊಮಝೀನ್ ಬಳಕೆಗೆ ಬಂದಾಗ. ‘ಎಲ್ಲವೂ ನಮ್ಮ ಗ್ರಂಥದಲ್ಲೇ ಇತ್ತು’ ಎಂದು ಹೇಳಿ ಆಸ್ಪತ್ರೆಯಿಂದ ದೂರ ಉಳಿಯುವುದು ಆ ಗ್ರಂಥಕರ್ತರಿಗೇ ಮಾಡುವ ಅವಮಾನ. ಅವರು ತಮ್ಮ ಕಾಲದ ಅತ್ಯುತ್ತಮ ವೈದ್ಯವನ್ನು ಗ್ರೀಕರಿಂದ, ಭಾರತೀಯರಿಂದ, ಎಲ್ಲಿಂದ ಸಿಕ್ಕಿದರೂ ಕಲಿತವರು.

ದೇವರ ಮನೆಯನ್ನು ಬಿಟ್ಟು ಆಸ್ಪತ್ರೆಗೆ ಬನ್ನಿ ಎಂದರೆ ಜನ ಬರುವುದಿಲ್ಲವೆಂದು ಕರ್ನಾಟಕದ ಮನೋವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್ಸ್ಟೇರ್ಸ್ ಉಡುಪಿ ಸೀಮೆಯ ಕೋಟದಲ್ಲಿ ನೆಲೆ ನಿಂತು ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಮನಸ್ಸಿನ ತೊಂದರೆಯಿದ್ದ ಜನ ಮಂತ್ರವಾದಿ, ಪಾತ್ರಿ, ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಿದ್ದುದನ್ನು ಅವರು ನೋಡಿದರು. ಒಂದನ್ನು ನಂಬಿದರೆ ಇನ್ನೊಂದನ್ನು ಬಿಡಬೇಕು ಎಂಬ ಷರತ್ತು ಜನರ ತಲೆಯಲ್ಲಿ ಇರಲೇ ಇಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲದ್ದು. ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯಕ್ಕೆ ಬಂದು ತಂಗಿದ್ದ 31 ಮನೋರೋಗಿಗಳನ್ನು ಅವರು ಪರೀಕ್ಷಿಸಿದರು. ಔಷಧಿಯಿಲ್ಲದೆ, ದೇವಾಲಯದ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ಮನೆಯವರ ಜೊತೆಗಿದ್ದ ಆ ರೋಗಿಗಳ ಲಕ್ಷಣಗಳು ಸರಾಸರಿ ಆರು ವಾರಗಳಲ್ಲಿ ಹತ್ತಿರ ಹತ್ತಿರ ಶೇ 20ರಷ್ಟು ಇಳಿದಿದ್ದವು. ಪವಾಡ ಎನ್ನುವಂಥದ್ದಲ್ಲ. ಆದರೆ ಬೈಗುಳವಿಲ್ಲದ, ಬೆದರಿಕೆಯಿಲ್ಲದ, ನಾಲ್ಕು ಜನರ ನಡುವಿನ ಜಾಗವೇ ಅರ್ಧ ಔಷಧಿ ಎಂದು ಅದರಿಂದ ತಿಳಿಯುತ್ತದೆ.

ಹಾಗೆಂದು ಎಲ್ಲ ಪವಿತ್ರ ಸ್ಥಳಗಳೂ ಅಂಥವಲ್ಲ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿ ದರ್ಗಾದ ಸುತ್ತ ಖಾಸಗಿ ‘ಮನೋರೋಗಿ ಗೃಹ’ಗಳು ನಾಯಿಕೊಡೆಗಳಂತೆ ಎದ್ದಿದ್ದವು. ದರ್ಗಾದ ಹೆಸರಿನಲ್ಲಿ ಬಂದ ರೋಗಿಗಳನ್ನು ಅಲ್ಲಿ ಸರಪಳಿಯಲ್ಲಿ ಕಟ್ಟಿ ಹಾಕುತ್ತಿದ್ದರು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥದ್ದೊಂದು ಗುಡಿಸಲಿಗೆ ಬೆಂಕಿ ಬಿತ್ತು. ಕಾಲಿನ ಸರಪಳಿ ಬಿಚ್ಚುವವರಿಲ್ಲದೆ 28 ಜನ ಕೂತಲ್ಲೇ, ಮಲಗಿದಲ್ಲೇ ಸುಟ್ಟುಹೋದರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಆ ಗೃಹಗಳು ಮುಚ್ಚಿದವು. ಅವರನ್ನು ಅಲ್ಲಿಗೆ ಕರೆತಂದಿದ್ದವರು ಕಟುಕರಲ್ಲ, ಹತ್ತಿರದಲ್ಲಿ ಬೇರೆ ದಾರಿ ಕಾಣದ ಅಪ್ಪ ಅಮ್ಮಂದಿರು, ಅಣ್ಣ ತಮ್ಮಂದಿರು. ಆತ್ಮಕ್ಕೆ ಚಿಕಿತ್ಸೆಯುಂಟೆಂದು ಬರೆದ ಬಲ್ಖಿಯ ಧರ್ಮಬಂಧುಗಳ ಹೆಸರಿನ ನೆರಳಿನಲ್ಲೇ ಇದು ನಡೆದದ್ದು ನೋವಿನ ಸಂಗತಿ. ಏರ್ವಾಡಿಯನ್ನು ಮರೆತು ಈ ಪರಂಪರೆಯನ್ನು ಕೊಂಡಾಡುವ ಹಕ್ಕು ಯಾರಿಗೂ ಇಲ್ಲ.

ದಾರಿ ತೋರಿಸಿದ್ದು ಗುಜರಾತ್. ಮೆಹ್ಸಾಣಾ ಜಿಲ್ಲೆಯ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ ‘ದವಾ ಔರ್ ದುವಾ’ (ಮದ್ದು ಮತ್ತು ಪ್ರಾರ್ಥನೆ) ಎಂಬ ಕಾರ್ಯಕ್ರಮ ಶುರುವಾಯಿತು. ದರ್ಗಾ ನೋಡಿಕೊಳ್ಳುವ ಮುಜಾವರರಿಗೆ ಮನೋರೋಗದ ಲಕ್ಷಣ ಗುರುತಿಸುವ ತರಬೇತಿ ಕೊಟ್ಟರು. ದರ್ಗಾಕ್ಕೆ ಬಂದವರಿಗೆ ಮುಜಾವರರು ದುವಾ ಮಾಡುತ್ತಾರೆ, ಆಮೇಲೆ ಅಲ್ಲೇ ಇರುವ ಮನೋವೈದ್ಯರ ಕೊಠಡಿಗೆ ತಾವೇ ಕಳಿಸುತ್ತಾರೆ. ‘ಡಾಕ್ಟರನ್ನು ನೋಡಿ’ ಎಂಬ ಮಾತು ಅಪರಿಚಿತ ಅಧಿಕಾರಿಯ ಬಾಯಿಂದ ಬಂದರೆ ಆಗುವ ಪರಿಣಾಮ ಬೇರೆ, ತಾವು ನಂಬಿದ ಮುಜಾವರರ ಬಾಯಿಂದ ಬಂದರೆ ಬೇರೆ. ತಮಿಳುನಾಡು ಸರ್ಕಾರ ಮುಂದೆ ಏರ್ವಾಡಿಯಲ್ಲೂ ಇದೇ ಬಗೆಯ ಕಾರ್ಯಕ್ರಮ ತಂದಿತು. ರಾಮನಾಥಪುರದಲ್ಲಿ ಸಾಧ್ಯವಾದದ್ದು ಅದೇ ರಾಜ್ಯದ ಈರೋಡ್ ಜಿಲ್ಲೆಯ ಬೆಟ್ಟದ ಮೇಲೆ ಏಕೆ ಸಾಧ್ಯವಾಗಬಾರದು?

ಇದು ದಾಕ್ಷಿಣ್ಯದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾರನ್ನೂ, ಯಾವ ಬಗೆಯಲ್ಲೂ ಸರಪಳಿಯಿಂದ ಕಟ್ಟಬಾರದೆಂದು 95ನೇ ಸೆಕ್ಷನ್‌ನಲ್ಲಿ ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಶಿಕ್ಷಿಸದೆ ಆರೈಕೆ ಮಾಡಬೇಕೆಂದು 115ನೇ ಸೆಕ್ಷನ್ ಹೇಳುತ್ತದೆ. ಆತ್ಮಹತ್ಯೆ ಮಹಾಪಾಪವೆಂಬ ಭಯಕ್ಕೆ ಬಾಯಿ ಮುಚ್ಚಿಕೊಳ್ಳುವ ಮುಸ್ಲಿಂ ಮನೆಗಳಿಗೆ ಈ ವಿಷಯ ತಲುಪಲೇಬೇಕು. 18ನೇ ಸೆಕ್ಷನ್ ತಾಳವಾಡಿಗೆಂದೇ ಬರೆದಂತಿದೆ: ಮಾನಸಿಕ ಆರೋಗ್ಯ ಸೇವೆ ರೋಗಿಯ ಊರಿಗೆ ಹತ್ತಿರವಿರಬೇಕು, ದೂರ ಪ್ರಯಾಣ ಮಾಡಿಸಬಾರದು, ರೋಗಿಗೂ ಮನೆಯವರಿಗೂ ಒಪ್ಪಿಗೆಯಾಗುವ ರೀತಿಯಲ್ಲಿರಬೇಕು. ಭಾಷೆ ತಿಳಿಯದ ಸೇವೆ ಒಪ್ಪಿಗೆಯಾಗುವ ಸೇವೆ ಹೇಗಾದೀತು?

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ತೊಂದರೆಯಲ್ಲಿದ್ದರು. ತಮಿಳುನಾಡೂ ಆ ಹನ್ನೆರಡರಲ್ಲಿ ಒಂದು. ತಾಳವಾಡಿಗೆ ಬೇರೆ ಲೆಕ್ಕ ಬೇಕಿಲ್ಲ. ಸಾವಿರ ವಯಸ್ಕರಿಗೆ ನೂರರ ಆಸುಪಾಸು ಎಂದು ಇಟ್ಟುಕೊಂಡರೂ ಬೆಟ್ಟದ ಮೇಲೆ ಎಷ್ಟು ಮನೆಗಳಲ್ಲಿ ದೀಪ ತಡವಾಗಿ ಆರುತ್ತಿದೆ ಎಂದು ಅಂದಾಜು ಮಾಡಬಹುದು.

ಆಗಬೇಕಾದ ಕೆಲಸ ದೊಡ್ಡ ಹಣದ್ದಲ್ಲ. ಈರೋಡ್ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಿಂಗಳಿಗೊಮ್ಮೆಯಾದರೂ ಕನ್ನಡ ಬಲ್ಲ ಆಪ್ತಸಮಾಲೋಚಕರೊಂದಿಗೆ ತಾಳವಾಡಿಯಲ್ಲಿ ಕೂರಬೇಕು, ಅದೂ ಸಂತೆಯ ದಿನ, ಗುಡಿ ಮಸೀದಿಗಳಿಗೆ ಹತ್ತಿರ. ಚಾಮರಾಜನಗರದ ವೈದ್ಯಕೀಯ ಕಾಲೇಜಿನಲ್ಲಿ ಬರೆದುಕೊಟ್ಟ ಚೀಟಿಗೆ ತಾಳವಾಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಸಿಗುವಂತೆ ಎರಡು ಜಿಲ್ಲಾಡಳಿತಗಳು ಮಾತಾಡಿಕೊಳ್ಳಬೇಕು. ನಿಮ್ಹಾನ್ಸ್ ನೇತೃತ್ವದಲ್ಲಿ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಹಣ ಕೊಡದೆ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆ ಮಸೀದಿಯ ವುಝೂ ತೊಟ್ಟಿಯ ಮೇಲಿನ ಗೋಡೆಯಲ್ಲಿ, ಮಾರಿಗುಡಿಯ ಜಗಲಿಯಲ್ಲಿ, ಕನ್ನಡ ಶಾಲೆಗಳ ಹಲಗೆಯಲ್ಲಿ ಬರೆದಿರಬೇಕು.

ಧಾರ್ಮಿಕ ಮುಖಂಡರ ಪಾಲಿನ ಕೆಲಸ ಇದಕ್ಕಿಂತ ಸೂಕ್ಷ್ಮ. ಕಾಯಿಲೆ ಇರುವಲ್ಲಿ ಮದ್ದೂ ಇದೆ, ಹುಡುಕಿ ಎಂಬ ಅರ್ಥದ ಪ್ರವಾದಿ ವಚನ ಎಲ್ಲ ಇಮಾಮರಿಗೂ ಬಾಯಿಪಾಠ. ಅದನ್ನು ಸಕ್ಕರೆ ಕಾಯಿಲೆಗೆ ಹೇಳುವ ಹಾಗೆಯೇ ಖಿನ್ನತೆಗೂ, ವಸ್ವಾಸ್‌ಗೂ ಹೇಳಬೇಕು. ತಾಯತ ಕಟ್ಟುವವರು ಕಟ್ಟಲಿ. ಕಟ್ಟುವ ಮುಂಚೆ ನಿದ್ದೆ ಎಷ್ಟು ದಿನದಿಂದ ಕೆಟ್ಟಿದೆ, ಊಟ ಸೇರುತ್ತದೆಯೇ, ಸಾಯುವ ಮಾತಾಡಿದ್ದಾರೆಯೇ ಎಂಬ ಮೂರು ಪ್ರಶ್ನೆ ಕೇಳಲಿ, ಉತ್ತರ ಕೇಳಿ ಆಸ್ಪತ್ರೆಯ ದಾರಿ ತೋರಿಸಲಿ. ನಿಮ್ಹಾನ್ಸ್‌ನಲ್ಲಿ ಯೋಗಕ್ಕೆಂದೇ ಕೇಂದ್ರವಿದೆ. ಯೋಗದ ಹಾದಿಯಲ್ಲಿ ರೋಗಿಯ ಮನಸ್ಸು ತಲುಪಬಹುದಾದರೆ, ನಮಾಜು ಮಾಡುವ ರೋಗಿಯ ಜೊತೆ ಬಲ್ಖಿ, ಗಝಾಲಿಯರ ಮಾತಿನ ಮೂಲಕ ಮಾತಾಡಬಲ್ಲ ಆಪ್ತಸಮಾಲೋಚಕರನ್ನೂ ತಯಾರು ಮಾಡಬಹುದು.

ಕನ್ನಡಕ್ಕೆ ಮನಸ್ಸಿನ ವೈದ್ಯ ಹೊಸದೇನಲ್ಲ. ಹಾಸ್ಯಪತ್ರಿಕೆ ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ‘ಮನಮಂಥನ’ ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಹಳ್ಳಿಯ ಓದುಗರಿಗೆ ತಿಳಿಯುವ ಕನ್ನಡದಲ್ಲಿ ಈ ವಿಷಯದ ಮೇಲೆ ಪುಸ್ತಕದ ಮೇಲೆ ಪುಸ್ತಕ ಬರೆದಿದ್ದಾರೆ. ಆ ಪುಸ್ತಕಗಳು ಗಡಿಯಾಚೆಯ ಕನ್ನಡ ಶಾಲೆಗಳಿಗೆ ಹೋಗಲಿ. ಬಲ್ಖಿಯ ಎಂಟು ಅಧ್ಯಾಯಗಳೂ ಸರಳ ಕನ್ನಡದ ಒಂದು ಕಿರುಹೊತ್ತಗೆಯಾಗಿ, ಕೊನೆಯ ಪುಟದಲ್ಲಿ 14416 ಮತ್ತು ಹತ್ತಿರದ ಮನೋವೈದ್ಯರು ಕೂರುವ ದಿನ, ವೇಳೆ ಅಚ್ಚಾಗಿ, ಗಡಿನಾಡಿನ ಮಸೀದಿಗಳ ಕಪಾಟು ಸೇರಲಿ. ಕನ್ನಡ ವಿಶ್ವವಿದ್ಯಾಲಯವೋ, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೋ ಮನಸ್ಸು ಮಾಡಿದರೆ ಒಂದು ವರ್ಷದೊಳಗೆ ಮುಗಿಯುವ ಕೆಲಸ ಇದು.